ದೊಡ್ಡ ಸಾಹೇಬರು ಹ್ಯಾಂಗ ಅದಾರ, ಐದರಾಗ ಒಂದು ಹೇಳ್ರಿ

ನಾ ಜೀಪ ತಗೊಂಡು ಎಲ್ಲಿ ಹೋದ್ರೂ ಇಂಥಾವು ಆಗೇ ಆಗ್ತಾವರಿ, ನಾ ಏನ್ ಮಾಡ್ಲಿ. ಸಾಲಿ ಕಲ್ತಿದ್ದು ಎರಡನೇ ಕ್ಲಾಸ ತನಕ, ಆದ್ರ ಬೀದರ ಜಿಲ್ಲಾದಾಗ ನನಗ ಗೊತ್ತಿಲ್ಲದ ದಾರಿ ಇಲ್ಲ. ಅದಕ್ಕೇ ಬರಗಾಲದ ವರ್ಷ ಸರ್ವೇದ ಮೇಡಂ ನನ್ನ ಜೀಪೇ ಬಾಡಿಗಿಗಿ ಹಿಡದ್ಲು. ಜಿಲ್ಲಾ ನಡಸೋ, ಟ್ಯಾಂಕರ್ ಕಳಸೋ ದೊಡ್ಡ ಸಾಹೇಬರು ಮಂದಿಗಿ ಎಷ್ಟ ಸೇರ್ತಾರ ಅಂತ ಕೇಳಿ ಬರಕೊಳ್ಳೋದು ಆಕಿ ಕೆಲಸ.

ಔರಾದ ಕಡಿ ನಮ್ಮೂರಾಗ ಆಗ ಬಾವಿ ಎಲ್ಲಾ ಬತ್ತಿದ್ವು. ಉಳದ ಮಂದಿದು ಒಂದೇ ಮಾತು: "ನೀರಿನ ಟ್ಯಾಂಕರ್ ಬಂದ್ರ ಇರ್ತೇವು, ಇಲ್ಲಾಂದ್ರ ಊರು ಬಿಡ್ತೇವು."

ನಾ ಮೀಸಿ ತಿರುವಿ ಹೇಳ್ದಿನಿ, "ಸರ್ವೇ ನನ್ನ ಜೀಪಿನ್ಯಾಗೇ ತಿರಗ್ತದ. ಟ್ಯಾಂಕರ್ ನಾ ತರಸ್ತೇನಿ."

೧. ಬೀದರ ಬಸ್‌ಸ್ಟ್ಯಾಂಡ್

ಹೈದ್ರಾಬಾದ್ ಬಸ್ಸಿನ್ಯಾಗ ಒಬ್ಬಾಂವ ಹೆಂಡ್ತಿ, ಗಂಟು, ಬೋಗುಣಿ ಎಲ್ಲಾ ಹೇರಕೊಂಡು ಕಿಡಕಿ ಬಾಜು ಕೂತಿದ್ದ. ಮೇಡಂ ಕೆಳಗ ನಿಂತು ಕೇಳಿದ್ಲು, "ಸಾಹೇಬರ ಕೆಲಸ ಹ್ಯಾಂಗ ಅನಸ್ತದರಿ? ಬಹಳ ಚಲೋ, ಚಲೋ, ಹಿಂಗ-ಹಂಗ, ಕೆಟ್ಟ, ಬಹಳ ಕೆಟ್ಟ. ಐದರಾಗ ಒಂದು ಹೇಳ್ರಿ."

"ಬಹಳ ಚಲೋರಿ."

"ಯಾಕರಿ?"

"ಹಿಂದಿನ ಬರಗಾಲದಾಗ ಬಸ್ಸಿನ ಟಾಪಿನ ಮ್ಯಾಲ ಕೂತು ಊರ ಬಿಟ್ಟಿದ್ವಿ. ಈ ಸಲ ಸೀಟ್ ಸಿಕ್ಕದ!"

೨. ಭಾಲ್ಕಿ ಕಡಿ ಒಂದು ಊರು

ಸರ್ವೇಕ್ಕ ಒಂದು ಕಾಯ್ದಾ ಅದ. ಪ್ರತಿ ಐದನೇ ಮನಿಗೇ ಕೇಳಬೇಕು. ಐದನೇ ಮನಿಗಿ ಕೀಲಿ. ಹತ್ತನೇ ಮನಿಗಿ ಕೀಲಿ. ಹದಿನೈದನೇದಕ್ಕೂ ಕೀಲಿ. ಕಡೀಕ ಒಬ್ಬಾಕಿ ಮುದುಕಿ ಸಿಕ್ಕಳು. ಊರ ಬಿಟ್ಟವರೆಲ್ಲಾ ಚಾವಿ ಆಕಿ ಕೈಯಾಗೇ ಕೊಟ್ಟು ಹೋಗಿದ್ರು, ನಡಕ್ಕ ಚಾವಿ ಗೊಂಚಲ ಕಟ್ಟಿದ್ಲು.

"ಯಾರ ಮನೀದು ಬೇಕು ಕೇಳವ್ವಾ, ನಾ ಹೇಳ್ತೇನಿ" ಅಂದು ಒಂದೊಂದೇ ಚಾವಿ ಹಿಡದ್ಲು. "ಈಂವ ಸಾಹೇಬಗ ಬೈಕೋತ ಹೋಗ್ಯಾನ, ಬಹಳ ಕೆಟ್ಟ ಅಂತ ಬರಿ. ಈಂವ ಸುಮ್ಮ ಹೋಗ್ಯಾನ, ಹಿಂಗ-ಹಂಗ ಬರಿ. ಈಕಿ ಹೊಸ್ತಿಲ ಹಿಡದು ಅತ್ತಾಳ. ಅಳೋರಿಗಿ ನಿನ್ನ ಕಾಗದದಾಗ ಬರಿಯೋ ಖಾನಿ ಅದ ಏನು?"

ಮೇಡಂ ಮಾರಿ ಸಣ್ಣದಾಯ್ತು. "ಇಲ್ಲ ಆಯಿ."

"ಹಂಗಾರ ಬಿಡು, ಗೊತ್ತಿಲ್ಲ ಅಂದ್ಲು ಅಂತ ಬರಕೋ!"

೩. ನಮ್ಮೂರು

ನಮ್ಮೂರಿಗಿ ಮೇಡಂ ಬರೋ ಮೊದಲೇ ನಾ ಮನಿ ಮನಿ ತಿರಗಿ ಹೇಳಿದ್ದಿನಿ, "ಎಲ್ಲಾರೂ ಬಹಳ ಚಲೋ ಅನ್ರಿ. ಸಾಹೇಬರು ಖುಷ್ ಆಗಿ ಟ್ಯಾಂಕರ್ ಕಳಸ್ತಾರ."

ಮೇಡಂ ಕೇಳಿದ ಮನಿಯವ್ರೆಲ್ಲಾ ಹಂಗೇ ಅಂದ್ರು. ಮೇಡಂ ಪೆನ್ನು ಬಿಟ್ಟು ನನ್ನ ಮಾರಿ ನೋಡಿದ್ಲು. "ಕಾಕಾ, ಕುಡ್ಯಾಕ ನೀರಿಲ್ಲ, ಎಲ್ಲಾರೂ ಬಹಳ ಚಲೋ ಅಂತಾರಲ್ಲ?"

"ನಮ್ಮ ಮಂದಿ ದಿಲ್ದಾರ್ ಅದಾರವ್ವಾ."

ಹದಿನೈದು ದಿನಕ್ಕ ಟ್ಯಾಂಕರ್ ಬಂತು. ನಮ್ಮೂರು ದಾಟಿ ಮುಂದಿನೂರಿಗಿ ಹೋಯ್ತು! ನಾ ಜೀಪ ಅಡ್ಡ ಹಾಕಿ ಡ್ರೈವರ್‌ಗ ಕೇಳ್ದಿನಿ.

"ಸಿಟ್ಟಿದ್ದ ಊರಿಗಿ ಮೊದಲ ಹೋಗು ಅಂದಾರ ಸಾಹೇಬರು. ನಿಮ್ಮೂರ ಮಂದಿ ಭಾಳ ಖುಷಿ ಅದಾರಂತಲ್ಲ?"

ಆ ವಾರ ಮೂರು ಮನಿ ಕುರಿ ಹೊಡಕೊಂಡು ಊರ ಬಿಟ್ವು. ಹೋಗಮುಂದ ಒಬ್ಬಾಕಿ ನನಗ ಅಂದ್ಲು, "ಮಾಮಾ, ನಿನ್ನ ಉಪಕಾರ ಇನ್ನೊಂದು ಸಲ ಆದ್ರ ಕುರೀನೂ ಉಳಿಯಾಂಗಿಲ್ಲ."

೪. ಎರಡನೇ ಸಲ

ತಿಂಗಳ ಬಿಟ್ಟು ಮತ್ತ ಸರ್ವೇ. ಹಣಮಪ್ಪನ ಗುಡಿ ಕಟ್ಟಿಗಿ ಮಂದಿ ಕೂಡ್ತು. ಒಬ್ಬಾಂವ ಅಂದ, "ಈ ಸಲ ಎಲ್ಲಾರೂ ಬಹಳ ಕೆಟ್ಟ ಅನ್ನೂಣು." ಇನ್ನೊಬ್ಬಾಂವ ಅಂದ, "ಸಾಹೇಬ ಸಿಟ್ಟಿಗೆದ್ದು ಟ್ಯಾಂಕರ್ ಪೂರಾ ಬಂದ್ ಮಾಡಿದ್ರ?"

ಕುರಿ ಕಾಯೋ ಮುತ್ಯಾ ತೀರ್ಪು ಕೊಟ್ಟ: "ಗುಡಿ ಈ ಕಡಿ ಅರ್ಧ ಊರಿನವ್ರು ಬಹಳ ಚಲೋ ಅನ್ರಿ, ಆ ಕಡಿ ಅರ್ಧ ಊರಿನವ್ರು ಬಹಳ ಕೆಟ್ಟ ಅನ್ರಿ. ಸಾಹೇಬಗ ಖುಷೀನೂ ಆಗಲಿ, ಹೆದರಿಕೀನೂ ಆಗಲಿ."

ಮೇಡಂ ಕೇಳ್ದಾಗ ಮಂದಿ ಹಂಗೇ ಅಂದ್ರು. ಎಂಟು ದಿನಕ್ಕ ಟ್ಯಾಂಕರ್ ಬಂದು ನಮ್ಮ ಗುಡಿ ಮುಂದೇ ನಿಂತಿತು! ಊರೆಲ್ಲಾ ಕೊಡ ಹಿಡಕೊಂಡು ಓಡಿ ಬಂತು. ನಾ ಎದಿ ಉಬ್ಬಿಸಿ ಪೈಪು ನಾನೇ ಹಿಡದಿನಿ. ಅರ್ಧ ಮಂದಿ ಕೊಡ ತುಂಬಿದ್ವು. ಆಮ್ಯಾಲ ಪೈಪಿನಿಂದ ಬರೇ ಗಾಳಿ.

"ಯಾಕೋ?" ಅಂತ ಡ್ರೈವರ್‌ಗ ಕೇಳ್ದಿನಿ.

"ಅರ್ಧಾನೇ ತುಂಬಿ ಕಳಸ್ಯಾರರಿ."

ಖಾಲಿ ಕೊಡದವ್ರು ನನ್ನೇ ನೋಡಕೋತ ಗಂಟು ಕಟ್ಟಾಕ ಮನಿ ಕಡಿ ತಿರಗಿದ್ರು. ಮುತ್ಯಾ ತನ್ನ ಖಾಲಿ ಕೊಡ ನನ್ನ ಕಾಲ ಹತ್ರ ಇಟ್ಟು ಅಂದ:

"ಸರ್ವೇ ಖರೇ ಅದ ನೋಡಪಾ. ನಾವು ಹೇಳಿದ್ದು ಸಾಹೇಬಗ ಬರೋಬ್ಬರಿ ಮುಟ್ಯದ."