ಒಂಬತ್ತನೇ ಇಯತ್ತೆಯ ಕೋರ್ಟು

ಎಲ್ಲ ಗೊಂದಲಕ್ಕೂ ಕಾರಣ ಒಂದು ಕರೀ ಕೋಟು.

ಮಾಂತೇಶ ಸರ್‌ಗೆ ಆ ಕೋಟು ಬೇಕೇ ಬೇಕಾಗಿತ್ತು. ಗೋವಾದ ಚಿಂಬಲ್ ಗುಡ್ಡದ ಮೇಲಿನ ಕನ್ನಡ ಹೈಸ್ಕೂಲಿನಲ್ಲಿ ಅರ್ಥಶಾಸ್ತ್ರ, ವ್ಯವಹಾರ, ಕಾಯದೆ ಮೂರನ್ನೂ ಒಬ್ಬನೇ ಹೊತ್ತು ತಿರುಗುವ ಮಾಸ್ತರ ಅವನು. ಹೊತ್ತದ್ದು ಮೂರು ವಿಷಯ, ನೌಕರಿ ಮಾತ್ರ ಟೆಂಪರರಿ. ಪ್ರತಿ ಏಪ್ರಿಲ್ ಕೊನೆಗೆ ಶಾಲೆ ಅವನಿಗೆ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಕಣ್ಣೀರು ಹಾಕಿ ಬೀಳ್ಕೊಡುತ್ತಿತ್ತು. ಜೂನ್ ಬಂತೆಂದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಕರೆಸಿಕೊಳ್ಳುತ್ತಿತ್ತು. ನಡುವಿನ ದಿನಗಳಲ್ಲಿ ಅವನು ಮಡಗಾಂವ್ ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ಚೀಲ ಇಳಿಸುವವರ ಮೇಲ್ವಿಚಾರಣೆ ಮಾಡುತ್ತಿದ್ದ. ಶಾಲು ಹೊದೆಯುವಂಥ ಚಳಿ ಗೋವಾದಲ್ಲಿ ಎಲ್ಲಿಂದ ಬರಬೇಕು? ಅವನ ತಾಯಿ ಅವನ್ನೆಲ್ಲ ಕಿಟಕಿಗೆ ಪರದೆ ಮಾಡಿದ್ದಳು.

ವರ್ಷವೂ ಕಾಯಂ ಮಾಡುತ್ತೇನೆ ಎನ್ನುತ್ತಿದ್ದ ಚೇರ್ಮನ್ ರಾಜಮಹ್ಮದ ಸಾಹೇಬರು ಈ ವರ್ಷ ಹೊಸದೊಂದು ಮಾತು ಆಡಿದ್ದರು. ಸಾಹೇಬರೆಂದರೆ ವಿಜಯಪುರದಿಂದ ಲಾರಿ ಕ್ಲೀನರ್ ಆಗಿ ಬಂದು, ಉಸಗಾಂವದಲ್ಲಿ ಟಿಪ್ಪರುಗಳ ಮಾಲಕರಾಗಿ, ನಮ್ಮ ಮಂದಿಯ ಮಕ್ಕಳು ನಾಲ್ಕಕ್ಷರ ಕಲಿಯಲಿ ಎಂದು ಸ್ವಂತ ಗಂಟು ಬಿಚ್ಚಿ ಈ ಶಾಲೆ ಕಟ್ಟಿದವರು. "ಈ ಸಲ ನಿಮ್ಮ ಕ್ಲಾಸ್ ನಾನ ಬಂದು ನೋಡ್ತೇನ್ರಿ ಮಾಸ್ತರ. ಮನಸಿಗೆ ಬಂತಂದ್ರ ಕಾಯಂ ಮಾಡೇ ಬಿಡ್ತೇನಿ" ಎಂದಿದ್ದರು. ಆವತ್ತಿನಿಂದ ಮಾಂತೇಶನಿಗೆ ಊಟ ಸೇರಿರಲಿಲ್ಲ.

ಯೋಚಿಸಿ ಯೋಚಿಸಿ ಅವನು ಒಂದು ಉಪಾಯ ಮಾಡಿದ. ಒಂಬತ್ತನೇ ಇಯತ್ತೆಯ ಮಕ್ಕಳಿಂದ ಕೋರ್ಟಿನ ಆಟ ಆಡಿಸುವುದು. ಗಿರಾಕಿ ಫ್ಯಾನ್ ಕೊಂಡ, ಫ್ಯಾನ್ ತಿರುಗಲಿಲ್ಲ, ಅಂಗಡಿಯವ ಬದಲಿಸಿ ಕೊಡಲಿಲ್ಲ, ಇಷ್ಟೇ ಕೇಸು. ಮಾತೆಲ್ಲ ತಾನೇ ಬರೆದು ಬಾಯಿಪಾಠ ಮಾಡಿಸಿದ. ಪೇಂಟರ್ ಮಗಳು ಫರ್ಹೀನ ಜಡ್ಜು. ಅವಳು ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಹುಡುಗಿ. ಅತೀಕ ವಕೀಲ. ಅವನು ಯಾರೂ ಕೇಳದಿದ್ದರೂ ಉತ್ತರ ಕೊಡುವ ಹುಡುಗ. ಎಲ್ಲ ಸಿದ್ಧವಾಗಿತ್ತು, ಜಡ್ಜಿಗೆ ಕರೀ ಕೋಟೊಂದು ಬಿಟ್ಟು.

ಆ ಕೋಟು ಇದ್ದದ್ದು ಹುಲಿಗೆಮ್ಮನ ಮನೆಯಲ್ಲಿ. ಪಣಜಿಯ ವಕೀಲರೊಬ್ಬರ ಮನೆಯಲ್ಲಿ ಅವಳು ಕಸ ಮುಸುರೆ ಮಾಡುತ್ತಿದ್ದಳು. ಅವರು ಕೊಟ್ಟ ಹಳೇ ಕೋಟನ್ನು ಮಳೆಗಾಲದಲ್ಲಿ ತಲೆಯ ಮೇಲೆ ಹೊದ್ದು ಬಸ್‌ಸ್ಟಾಪಿಗೆ ಓಡುವುದನ್ನು ಇಡೀ ಓಣಿ ನೋಡಿತ್ತು. ಮಾಂತೇಶ ಬೆಳಿಗ್ಗೆ ಅವಳ ಬಾಗಿಲಿಗೆ ಹೋದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು.

"ಯಕ್ಕಾ, ಒಂದ್ ತಾಸಿನ ಮಟ್ಟಿಗೆ ಆ ಕೋಟ್ ಕೊಡ್ರಿ. ಇವತ್ತ ಸಾಲ್ಯಾಗ ಕೋರ್ಟ್ ಮಾಡಾಕತ್ತೇವಿ."

ಹುಲಿಗೆಮ್ಮನ ಕೈ ಅಲ್ಲೇ ನಿಂತಿತು. "ಕೋರ್ಟ? ನಮ್ಮ ಸಾಲ್ಯಾಗ? ಜಡ್ಜ್ ಯಾರ?"

"ನಮ್ಮ ಫರ್ಹೀನ."

"ಭಾಳ ಚಲೋ ಆತು ನೋಡು. ಒಯ್ಯಿ ತಮ್ಮಾ, ಕೋಟ್ ಒಯ್ಯಿ. ಆದ್ರ ಮೊದಲ ನನ್ನ ಕೇಸ್ ತಗೀಬೇಕು."

"ಆಗ್ಲಿ ಬಿಡ್ರಿ ಯಕ್ಕಾ, ನಿಮ್ಮದ ಮೊದಲ" ಎಂದು ನಗುತ್ತ ಮಾಂತೇಶ ಕೋಟು ಹಿಡಿದು ನಡೆದ.

ಚೇಷ್ಟೆಗೆ ಅಂದ ಮಾತು. ಆದರೆ ಪಾಪ, ಅವನು ಒಂದು ಸಂಗತಿ ಮರೆತಿದ್ದ. ಊರ ಕಡೆ ಜಗಳ ಬಂದರೆ ಪಂಚರು ಕಟ್ಟೆಯ ಮೇಲೆ ಕೂಡುತ್ತಾರೆ, ಇಬ್ಬರ ಮಾತನ್ನೂ ಕೇಳುತ್ತಾರೆ, ಏನೋ ಒಂದು ತೀರ್ಪು ಕೊಡುತ್ತಾರೆ. ಚಿಂಬಲ್ಲಿನಲ್ಲಿ ಕಟ್ಟೆಯೂ ಇಲ್ಲ, ಪಂಚರೂ ಇಲ್ಲ. ದುಡಿಯಲು ಬಂದವರ ಓಣಿ ಅದು. ಅಲ್ಲಿ ಜಗಳ ಹುಟ್ಟುತ್ತವೆ, ಬೆಳೆಯುತ್ತವೆ, ಮುಗಿಯುವುದು ಮಾತ್ರ ಗೊತ್ತಿಲ್ಲ. ಯಾರಾದರೂ ಒಮ್ಮೆ ಕೂತು ನಮ್ಮ ಮಾತು ಪೂರ್ತಿ ಕೇಳಲಿ ಎಂದು ವರ್ಷಗಟ್ಟಲೆ ಕಾದ ಜನ ಅವರು. ಹುಲಿಗೆಮ್ಮ ರೊಟ್ಟಿ ತಿರುವಿ ಹಾಕುವಷ್ಟರಲ್ಲಿ ಸುದ್ದಿ ನಳದ ಹತ್ತಿರ ಹೋಗಿತ್ತು. ನಳದಿಂದ ಇಡೀ ಗುಡ್ಡಕ್ಕೆ ಹೋಯಿತು.

ಶಾಲೆಯ ಹಾಲಿಗೆ ಬಂದ ಮಾಂತೇಶ ಬಾಗಿಲಲ್ಲೇ ನಿಂತುಬಿಟ್ಟ. ಮಕ್ಕಳಿಗಿಂತ ಮಂದಿಯೇ ಹೆಚ್ಚು. ಸೆಂಟ್ರಿಂಗ್ ಕೆಲಸದವರು ಕೂಲಿ ಬಿಟ್ಟು ಬಂದು ಕಿಟಕಿಗೆ ಜೋತುಬಿದ್ದಿದ್ದರು. ಮುಂದಿನ ಸಾಲಿನಲ್ಲಿ ಹುಲಿಗೆಮ್ಮ ಹೊಸ ಇಳಕಲ್ ಸೀರೆ ಉಟ್ಟು ಕೂತಿದ್ದಳು. ಅವಳಿಂದ ನಾಲ್ಕು ಮಾರು ದೂರದಲ್ಲಿ ಪಕ್ಕದ ಮನೆಯ ಮಕ್ತುಮಬಿ. ಅವಳ ಕಂಕುಳಲ್ಲಿ ಒಂದು ಕೋಳಿ.

"ಏನ್ರಿ ಇದು? ಇದು ಪಾಠ ಐತ್ರಿ, ಖರೇ ಕೋರ್ಟ್ ಅಲ್ಲ! ಎಲ್ಲಾರೂ ಹೊರಗ ನಡೀರಿ!" ಮಾಂತೇಶ ಕೈಮುಗಿದ.

"ನೀನ ಮಾತ್ ಕೊಟ್ಟೀಯಲ್ಲೋ, ನಂದ ಮೊದಲ ಅಂತ?" ಹುಲಿಗೆಮ್ಮ ಕೂತಲ್ಲಿಂದ ಅಲುಗಲಿಲ್ಲ.

ಅಷ್ಟರಲ್ಲಿ ರಾಜಮಹ್ಮದ ಸಾಹೇಬರು ಬಂದೇಬಿಟ್ಟರು. ಮಾಂತೇಶನಿಗೆ ತನ್ನ ನೌಕರಿ ಕಣ್ಣೆದುರೇ ಕೋಳಿಯ ಜೊತೆ ಹಾರಿಹೋಗುವುದು ಕಂಡಿತು. ಸಾಹೇಬರು ಬೋರ್ಡಿನ ಮೇಲೆ ಬರೆದ ಫ್ಯಾನಿನ ಕೇಸನ್ನು ನೋಡಿದರು, ಮಂದಿಯನ್ನು ನೋಡಿದರು, ಕೋಳಿಯನ್ನು ನೋಡಿದರು, ಎತ್ತರದ ಕುರ್ಚಿಯಲ್ಲಿ ಕಾಲು ನೆಲಕ್ಕೆ ಮುಟ್ಟದೆ ಕೂತ ಫರ್ಹೀನಳನ್ನು ನೋಡಿದರು.

"ಫ್ಯಾನಿನ ಕೇಸ್ ಇರ್ಲಿ ಬಿಡ್ರಿ ಮಾಸ್ತರ. ಇದನ್ನ ನಡಸ್ರಿ. ನೋಡೇ ಬಿಡೋಣು" ಎಂದು ಕುರ್ಚಿ ಎಳೆದುಕೊಂಡರು.

ಬಾಯಿಪಾಠವೆಲ್ಲ ನೀರುಪಾಲು. ಮಾಂತೇಶ ಗೋಡೆಗೆ ಒರಗಿ ನಿಂತ.

ಅತೀಕ ಹುಲಿಗೆಮ್ಮನ ವಕೀಲನಾಗಿ ಎದ್ದ. "ಮಕ್ತುಮಬಿಯವರ ಕೋಳಿ ದಿನಾ ಹುಲಿಗೆಮ್ಮನವರ ಕಟ್ಟಿಗಿ ವಟ್ಟಲಕ್ಕ ಬಂದು ತತ್ತಿ ಇಡತೈತ್ರಿ. ಇವರ ಜ್ವಾಳಾ ತಿಂತೈತಿ. ಇವರ ಜ್ವಾಳಾ ತಿಂದು ಇವರ ಮನ್ಯಾಗ ಇಟ್ಟ ತತ್ತಿ ಇವರದ."

"ತಡೀರಿ!" ಮಕ್ತುಮಬಿ ಕೋಳಿ ಸಮೇತ ಎದ್ದಳು. "ಜಡ್ಜಮ್ಮ ಅಕಿ ಕೋಟ್ ಹಾಕ್ಕೊಂಡ ಕುಂತಾಳ. ನನಗ ನ್ಯಾಯ ಹೆಂಗ ಸಿಗತೈತಿ?"

ಹಾಲ್ ಗೊಳ್ಳೆಂದಿತು. ಮಾಂತೇಶ ಕಣ್ಣು ಮುಚ್ಚಿಕೊಂಡ. ಇದಕ್ಕೆ ಅವನು ಬರೆದುಕೊಟ್ಟ ಮಾತಿನಲ್ಲಿ ಉತ್ತರವಿರಲಿಲ್ಲ.

ಫರ್ಹೀನ ಕುರ್ಚಿಯಿಂದ ಇಳಿದಳು. ಕೋಟು ಕಳಚಿ, ಮಡಚಿ, ಹುಲಿಗೆಮ್ಮನ ಕೈಯಲ್ಲೇ ಇಟ್ಟು ಬಂದಳು. ಮತ್ತೆ ಕುರ್ಚಿ ಹತ್ತಿ, "ನಿಮ್ಮ ತಕರಾರು ಖರೇ ಐತಿ. ಕೋಟ್ ವಾಪಸ್ ಕೊಟ್ಟೇನಿ. ಈಗ ಹೇಳ್ರಿ" ಎಂದಳು.

ನೀಲಿ ಯೂನಿಫಾರ್ಮಿನ ಆ ಹುಡುಗಿ ಈಗ ಕೋಟು ಇದ್ದಾಗಿನಕ್ಕಿಂತ ದೊಡ್ಡವಳಾಗಿ ಕಂಡಳು. ಕಿಟಕಿಗೆ ಜೋತುಬಿದ್ದವನೊಬ್ಬ ತಲೆಯ ರುಮಾಲು ತೆಗೆದ. ಇಷ್ಟು ವರ್ಷ ಮಾಂತೇಶ ಬೋರ್ಡಿನ ಮೇಲೆ ಬರೆದು ಬರೆದು ಅಳಿಸಿದ 'ನ್ಯಾಯ' ಎಂಬ ಶಬ್ದ ಎದ್ದು ಬಂದು ಎದುರಿಗೇ ಕೂತಿದೆಯಲ್ಲ! ಅದನ್ನು ಅವನು ಮೊದಲ ಸಲ ನೋಡುತ್ತಿದ್ದ.

"ಕೋಳಿ ಯಾರದು?" ಫರ್ಹೀನ ಕೇಳಿದಳು.

"ನಂದ" ಎಂದಳು ಮಕ್ತುಮಬಿ.

"ಜಗಾ, ಜ್ವಾಳಾ?"

"ನಂದ" ಎಂದಳು ಹುಲಿಗೆಮ್ಮ.

"ಹಂಗಾರ ಕೇಳ್ರಿ. ಅರ್ಥಶಾಸ್ತ್ರದಾಗ ಭೂಮಿ, ಶ್ರಮ, ಬಂಡವಾಳ ಅಂತ ಬರ್ತಾವು. ಎಲ್ಲಾಕ್ಕೂ ಅದರದರ ಪಾಲು ಸಿಗಬೇಕು. ಕೋಳಿ ಅನ್ನೋ ಬಂಡವಾಳ ಮಕ್ತುಮಬಿ ಖಾಲಾರದು. ಅದಕ್ಕ ತತ್ತಿ ಅವರದ. ಜಗಾ ಹುಲಿಗೆಮ್ಮ ಯಕ್ಕಾರದು. ಅದಕ್ಕ ವಾರಕ್ಕೊಂದ್ ತತ್ತಿ ಅವರಿಗೆ ಬಾಡಗಿ. ಶ್ರಮ ಕೋಳೀದು."

ಇಡೀ ಹಾಲ್ ಕೋಳಿಯ ಕಡೆ ತಿರುಗಿತು. ಅದೂ ಕತ್ತು ಓರೆ ಮಾಡಿ ಗಂಭೀರವಾಗಿ ಕೇಳುತ್ತಿತ್ತು.

"ಕೋಳಿಗೆ ಕೂಲಿ ಅಂದ್ರ ಜ್ವಾಳಾ. ಅದನ್ನ ಯಾರೂ ತಡೀಬಾರ್ದು. ಮತ್ತ, ತತ್ತಿ ತಗೊಳ್ಳಾಕ ಖಾಲಾರು ತಾವ ಯಕ್ಕಾರ ಮನಿಗೆ ಹೋಗಬೇಕು. ಹೋದಾಗ ಯಕ್ಕಾರು ಚಾ ಕೊಡಬೇಕು. ಇದು ಕೋರ್ಟಿನ ಹುಕುಂ."

ಮುಖ ನೋಡಿದರೆ ಉಗುಳುವ ಹಾಗಿದ್ದ ಆ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. "ಸಕ್ಕರಿ ಕಮ್ಮಿ ಹಾಕು, ನನಗ ಶುಗರ್ ಐತಿ" ಎಂದಳು ಮಕ್ತುಮಬಿ. ಹುಲಿಗೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಬಿದ್ದ ಚಪ್ಪಾಳೆಗೆ ಹಂಚೇ ಹಾರಿಹೋಗಬೇಕಿತ್ತು. ರಾಜಮಹ್ಮದ ಸಾಹೇಬರು ಎರಡೂ ಕೈ ಮೇಲೆತ್ತಿ, "ಯಾ ಅಲ್ಲಾ, ಇಂಥಾ ಕೋರ್ಟ್ ನಾ ನೋಡೇ ಇಲ್ಲ" ಎಂದರು.

ಮಾಂತೇಶನ ಹೃದಯ ಹಗುರಾಯಿತು. ಕಾಯಂ ಆಯಿತೆಂದೇ ಲೆಕ್ಕ. ಇಲ್ಲಿಗೆ ಗಂಟೆ ಹೊಡೆದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಹುಲಿಗೆಮ್ಮನಿಗೆ ಉಪಕಾರ ತೀರಿಸುವ ಹುಕಿ ಬಂದಿತ್ತು.

"ಇನ್ನೊಂದ್ ಕೇಸ್ ಐತ್ರಿ ಜಡ್ಜಮ್ಮಾ! ನಮ್ಮ ಮಾಂತೇಶ ಸರ್‌ದು. ವರ್ಷಾ ಕಾಯಂ ಮಾಡ್ತೇನಿ ಅಂತ ಹೇಳಿ ವರ್ಷಾ ಶಾಲ್ ಹೊದಿಸಿ ಕಳಸ್ತಾರ. ಇದೂ ಒಂದ್ ನ್ಯಾಯ ಆಗ್ಲಿ!"

"ಯಕ್ಕಾ, ಸುಮ್ಮನಿರ್ರಿ! ನಿಮ್ಮ ಕಾಲ್ ಬೀಳ್ತೇನಿ!" ಎಂದು ಮಾಂತೇಶ ಕಿರುಚಿದ. ಮಂದಿಯ ಗದ್ದಲದಲ್ಲಿ ಅದು ಯಾರಿಗೆ ಕೇಳಬೇಕು? ಅತೀಕನಂತೂ ಆಗಲೇ ಸರ್ ಪರವಾಗಿ ಎದ್ದು ನಿಂತಿದ್ದ. ಸಾಹೇಬರ ಮುಖ ಒಮ್ಮೆ ಕೆಂಪಾಯಿತು. ಆದರೆ ಫರ್ಹೀನ ಅವರನ್ನೇ ನೋಡುತ್ತಿದ್ದಳು. ಸಾಹೇಬರು ನಿಧಾನವಾಗಿ ಎದ್ದು ಮುಂದೆ ಬಂದು ನಿಂತರು.

"ಕಾಯಂ ಮಾಡ್ತೇನಿ ಅಂತ ಅಂದೀರೇನ್ರಿ?" ಫರ್ಹೀನ ಕೇಳಿದಳು.

"ಅಂದೇನವ್ವಾ. ವರ್ಷಾ ಅಂದೇನಿ. ಈ ಕುರ್ಚಿ ಮುಂದ ಸುಳ್ಳ ಹೇಳಾಂಗಿಲ್ಲ."

"ಅವರು ಆ ಮಾತ ನಂಬಿ ಕೆಲಸಾ ಮಾಡ್ಯಾರೇನ್ರಿ?"

"ಮಾಡ್ಯಾರ. ಚಲೋ ಮಾಡ್ಯಾರ. ಇವತ್ತ ನೋಡಿದ್ನಲ್ಲಾ."

"ಹಂಗಾರ ಮಾಂತೇಶ ಸರ್ ಇವತ್ತಿಂದ ಕಾಯಂ" ಎಂದು ಫರ್ಹೀನ ಡಸ್ಟರಿನಿಂದ ಮೇಜು ಕುಟ್ಟಿದಳು.

ಸುಣ್ಣದ ಧೂಳು ಎದ್ದಿತು. ಮಂದಿ ಎದ್ದಿತು. ಮಾಂತೇಶನಿಗೆ ಕಣ್ಣು ಮಂಜಾಯಿತು. ತಾನು ಕಲಿಸಿದ ಹುಡುಗಿ, ತನ್ನ ಹಣೆಬರಹವನ್ನು ತಿದ್ದಿ ಬರೆದಳಲ್ಲ! ಅವನಿಗೆ ಅಲ್ಲೇ ಅವಳ ಕಾಲಿಗೆ ಬೀಳಬೇಕೆನಿಸಿತು.

"ಹುಕುಂ ತಲಿ ಮ್ಯಾಲ" ಎಂದರು ಸಾಹೇಬರು, ಕೈಮುಗಿದು. "ಆದ್ರ ಒಂದ್ ಅರ್ಜಿ ಐತಿ. ಟಿಪ್ಪರ್ ಕೇಸಿಗೆ ಅಂತ ಮಡಗಾಂವ್ ಕೋರ್ಟಿನ ಮೆಟ್ಟಲ ಹತ್ತಿ ಹತ್ತಿ ನನ್ನ ಮೊಣಕಾಲ ಸವದಾವು. ಅಲ್ಲಿ ಸೋತವ್ರಿಗೆ ಅಪೀಲ್ ಅಂತ ಇರ್ತೈತಿ. ನಾ ಅಪೀಲ್ ಮಾಡ್ತೇನಿ."

ಫರ್ಹೀನ ಗೋಡೆಯ ಕಡೆ ತಿರುಗಿದಳು. "ಸರ್, ಅವರಿಗೆ ಆ ಹಕ್ಕು ಐತೇನ್ರಿ?"

ಒಂದೇ ಒಂದು ಸುಳ್ಳು ಸಾಕಾಗಿತ್ತು. 'ಇಲ್ಲ' ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಇಡೀ ಕ್ಲಾಸು ಕಣ್ಣು ಪಿಳುಕಿಸದೆ ಅವನನ್ನೇ ನೋಡುತ್ತಿತ್ತು. ಮಾಂತೇಶ, "ಐತವ್ವಾ" ಎಂದ.

"ಯಾವ ಕೋರ್ಟಿಗೆ?"

"ಮ್ಯಾಲಿನ ಕೋರ್ಟಿಗೆ."

"ಒಂಬತ್ತನೇತ್ತಾದ ಮ್ಯಾಲ ಹತ್ತನೇತ್ತಾ!" ಅತೀಕನಿಗೆ ತಡೆಯಲಾಗಲಿಲ್ಲ. "ಆದ್ರ ಅವರು ಪರೀಕ್ಷಾ ಸೂಟಿ ಮ್ಯಾಲ ಹೋಗ್ಯಾರ. ಜೂನಿಗೆ ನಾವ ಹತ್ತನೇತ್ತಾ ಆಗ್ತೇವಿ."

ಫರ್ಹೀನ ತಲೆಯಲ್ಲಾಡಿಸಿದಳು. "ನಾ ಕೊಟ್ಟ ತೀರ್ಪಿನ ಅಪೀಲ್ ನಾನ ಕೇಳಾಕ ಬರಂಗಿಲ್ಲ. ನೀ ಸರ್ ವಕೀಲ, ನೀನೂ ಕೇಳಾಕ ಬರಂಗಿಲ್ಲ. ಉಳದವರೆಲ್ಲಾ ಸರ್ ಗೆದ್ರು ಅಂತ ಚಪ್ಪಾಳಿ ಹೊಡದಾರ. ಹೌದಿಲ್ರಿ ಸರ್?"

"ಹೌದವ್ವಾ" ಎಂದ ಮಾಂತೇಶ.

"ಹಂಗಾರ ಈಗಿನ ಎಂಟನೇತ್ತಾದವರು ಹತ್ತನೇತ್ತಾಕ್ಕ ಬರೂ ತನಕ ಕಾಯಬೇಕು. ಅಲ್ಲೀ ಮಟಾ ನನ್ನ ಹುಕುಮಿಗೆ ತಡಿ. ಸರ್ ಹಿಂದಿನಂಗ ಟೆಂಪರರಿ." ಡಸ್ಟರ್ ಮತ್ತೆ ಬಿತ್ತು.

ಒಂದು ತಪ್ಪಿಲ್ಲ! ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ! ಕೈಗೆ ಬಂದ ನೌಕರಿ ಜಾರಿಹೋಗಿದ್ದರೂ ಮಾಂತೇಶನ ಎದೆ ಉಬ್ಬಿತು. ಫರ್ಹೀನ ಎದ್ದಾಗ ಹಾಲ್ ಪೂರ್ತಿ ಎದ್ದಿತು. ಅವನೂ ನೆಟ್ಟಗೆ ನಿಂತು ತಲೆಬಾಗಿದ. ಸಾಹೇಬರು ಹೋಗುವಾಗ ಅವನ ಬೆನ್ನು ತಟ್ಟಿ, "ಎಂಥಾ ಮಾಸ್ತರ್ರಿ ನೀವು! ನಿಮ್ಮಂಥವ್ರ ಸಿಗಾಂಗಿಲ್ಲ" ಎಂದರು. ಅವರು ಮನಸ್ಸಿನಿಂದಲೇ ಹಾಗಂದರು.

ಗಂಟೆ ಹೊಡೆಯಿತು. ಮುಂದಿನ ತಾಸು ಎಂಟನೇ ಇಯತ್ತೆ. ಹಾಲಿನ ಸುದ್ದಿ ಆಗಲೇ ಅಲ್ಲಿಗೂ ಮುಟ್ಟಿತ್ತು. ಮಾಂತೇಶ ಇವತ್ತಿನಷ್ಟು ಭಕ್ತಿಯಿಂದ ಆ ಬಾಗಿಲನ್ನು ಎಂದೂ ದಾಟಿರಲಿಲ್ಲ. ತನ್ನ ಹಣೆಬರಹ ಬೆಂಚುಗಳ ಮೇಲೆ ಸಾಲಾಗಿ ಕೂತು ಪೇರಲಹಣ್ಣು ತಿನ್ನುತ್ತಿತ್ತು. ಅವನು ಸೀಮೆಸುಣ್ಣ ಎತ್ತಿಕೊಂಡ.

"ಮಕ್ಕಳ್ರಾ, ಇವತ್ತಿಂದ ಕಾಯದೆ ಪಾಠಾ ಲಕ್ಷ್ಯ ಕೊಟ್ಟು ಕೇಳ್ರಿ. ನನ್ನ ಕೇಸ್ ನಿಮ್ಮ ಕೈಯಾಗ ಐತಿ."

ಮೊದಲ ಬೆಂಚಿನಲ್ಲಿ ನಿಖತ ಕೈ ಎತ್ತಿದಳು. ಕ್ಲಾಸಿಗೇ ಜಾಣೆ, ರಾಜಮಹ್ಮದ ಸಾಹೇಬರ ಮೊಮ್ಮಗಳು.

"ಸರ್, ನಮ್ಮ ದಾದಾರ ಅಪೀಲಿಗೆ ನಾ ಜಡ್ಜ್ ಆಗಬೋದೇನ್ರಿ?"

"ಇಲ್ಲವ್ವಾ!" ಮಾಂತೇಶನಿಗೆ ಹೋದ ಜೀವ ಬಂದಂತಾಯಿತು. "ಸ್ವಂತ ಮಂದಿ ಕೇಸಿಗೆ ಜಡ್ಜ್ ಆಗಾಕ ಬರಂಗಿಲ್ಲ."

"ವಕೀಲಿ?"

ಮಾಂತೇಶ ಸೀಮೆಸುಣ್ಣವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ. "ವಕೀಲಿ... ಆಗಬೋದು."

ನಿಖತ ಹೊಸ ಪೆನ್ನು ತೆಗೆದು ನೆಟ್ಟಗೆ ಕೂತಳು.

"ಹಂಗಾರ ದಾದಾರ ವಕೀಲಿ ನಾನ ಸರ್. ಚಂದಂಗ ಕಲಸ್ರಿ."