ಕುದುರಿಗೆ ಮಾಲೀಶ್, ಮಗಳಿಗೆ ಸುಪ್ರಭಾತ

ಕುದುರಿಗೆ ಮಾಲೀಶ್ ಮಾಡ್ತೇನಿ ಅಂತ ಹೇಳಿದ ದಿನದಿಂದ ನನ್ನ ಒಂದ ದಿನಾನೂ ನೆಟ್ಟಗ ಕಳದಿಲ್ಲ ನೋಡ್ರಿ. ಮುಂಬೈ ಲೋಕಲ್ ಗಾಡ್ಯಾಗ ಹೇಳಿದ್ರ ಮಂದಿ ನನ್ನ ಕೈ ನೋಡ್ತಾರ, ಲಗ್ನದ ಮನ್ಯಾಗ ಹೇಳಿದ್ರ ನನ್ನ ಹೇಣ್ತಿ ಮಾರಿ ನೋಡ್ತಾರ.

ರಬಾಳೆದಾಗ ಒಂದು ಕಾರಖಾನಿ ಸ್ಟೋರ್ಸ್ ನೋಡಿಕೊಂಡಿದ್ದವ ನಾನು. ಕಾರಖಾನಿ ಬಾಗಲಾ ಹಾಕ್ತು. "ಇನ್ನೇನ್ ಮಾಡ್ತೀರಿ?" ಅಂತ ಹೇಣ್ತಿ ಕೇಳಿದಾಗ ಬಾಯಿಂದ ತಾನ ಬಂತು, "ಕುದುರಿ ಮೈ ತಿಕ್ಕತೇನಿ."

ನಮ್ಮಪ್ಪ ವಿಜಾಪುರದಾಗ ಟಾಂಗಾ ಹೊಡೀತಿದ್ದ. ದಿನಾ ಸಂಜೀಕ ಕುದುರಿ ಮೈ ತಿಕ್ಕಾವ. ನಾ ಸಣ್ಣವಿದ್ದಾಗನ ಆಟೋ ಬಂದ್ವು, ಕುದುರಿ ಹೋತು. ಕಡೀಕ ಡೊಂಬಿವಲಿ ಫ್ಲ್ಯಾಟಿನ್ಯಾಗ ನಮ್ಮ ಕೂಡ ಇದ್ದಾಗ, ಸಂಜಿ ಆತಂದ್ರ ಸೋಫಾದ ಕೈ ತಿಕ್ಕೋತ ಕೂಡ್ತಿದ್ದ. "ಕವರ್ ಹರೀತೈತಿ ಅಪ್ಪಾ" ಅಂತ ನಾನ ಬೈದೇನಿ. ಈಗ ಅಪ್ಪ ಇಲ್ಲ. ಅವನ ಕೈಗೆ ಏನ್ ಬೇಕಾಗಿತ್ತು ಅನ್ನೂದನ್ನ ಒಮ್ಮೆರ ನನ್ನ ಕೈಲೆ ತಿಳಕೋಬೇಕು, ಅದೊಂದ ಹಂಬಲ ನಂದು.

೧. ಎರಡು ಕಾಲಿನ ಗಿರಾಕಿ

ಪುಣೆಕ್ಕ ಹೋಗಿ ಕುದುರಿ ಮಾಲೀಶಿನ ಕೋರ್ಸ್ ಮುಗಿಸಿ ಬಂದೆ. ಹೇಣ್ತಿ ಸೊಸೈಟಿ ಗ್ರೂಪಿನ್ಯಾಗ "ನಮ್ಮವ್ರು ಮಾಲೀಶ್ ಕಲತ ಬಂದಾರ" ಅಂತ ಹಾಕಿದ್ಲು. ಕುದುರಿ ಅನ್ನೂ ಮಾತು ಮಾತ್ರ ನಾಚಿಕೀಗೆ ಬಿಟ್ಟಿದ್ಲು.

ಮರುದಿನ ಮುಂಜಾನೆ ಮೂರನೇ ಮಜಲಿಯ ಧಾರವಾಡದ ಕಾಕಾ ಹೆಗಲಿಗೆ ಟಾವೆಲ್, ಕೈಯಾಗ ಕೊಬ್ಬರಿ ಎಣ್ಣಿ ಹಿಡದು ಬಂದ್ರು. ನಾ ಬಾಯಿ ತೆಗಿಯೂದ್ರೊಳಗ ಸೋಫಾದ ಮ್ಯಾಲೆ ಬೋರಲ ಬಿದ್ದಿದ್ರು.

"ಕಾಕಾ, ನಾ ಮಾಡೂದು ಕುದುರಿಗೆ!"

ಕಾಕಾ ಏಳಲೇ ಇಲ್ಲ. "ಮೂವತ್ತು ವರ್ಷ ಫಾಸ್ಟ್ ಲೋಕಲ್ ಹಿಂದ ಓಡೇನಪಾ. ಇನ್ನ ಯಾವ ಕುದುರಿ ಬೇಕ ನಿನಗ?"

೨. ಘೋಡಬಂದರ್

ಕುದುರಿ ಹುಡುಕೋತ ಠಾಣೆದ ಘೋಡಬಂದರ್ ರೋಡಿಗೆ ಹೋದೆ. ಹೆಸರಿನ್ಯಾಗನ ಘೋಡಾ ಐತಿ, ಒಂದೆರಡರ ಸಿಗಬೇಕಲ್ಲ! ಮೂವತ್ತು ಮಜಲಿ ಟವರ್‌ಗಳ ನಡಕ ಮಧ್ಯಾಹ್ನತನಕ ತಿರುಗಿದೆ. ಕಡೀಕ ಒಬ್ಬ ವಾಚಮನ್ನನ್ನ ಕೇಳಿದೆ, "ಭಯ್ಯಾ, ಇಧರ್ ಘೋಡಾ ಕಿಧರ್ ಮಿಲೇಗಾ? ಮಾಲೀಶ್ ಕರನಾ ಹೈ."

ಅವ ನನ್ನ ಮ್ಯಾಲಿಂದ ಕೆಳಗ ನೋಡಿ, ರಸ್ತೆ ಫಲಕಕ್ಕ ಬೊಟ್ಟ ಮಾಡಿದ. "ಬೋರ್ಡ್ ಪೇ ಹೈ. ಉಸೀಕೋ ಮಾಲೀಶ್ ಕರೋ."

೩. ಯಾರ ತುಟಿ?

ಕೊನೀಗೆ ಕಲ್ಯಾಣದಾಗ ಒಬ್ರು ಚಾಚಾ ಸಿಕ್ಕರು. ಮದುಮಗನ ಮೆರವಣಿಗೀಗೆ ಬಿಳಿ ಕುದುರಿ ಕೊಡೂದು ಅವರ ಧಂಧೆ. ಬ್ಯಾಂಡಿನ ಸದ್ದಿಗೆ ನಿಂತೂ ನಿಂತೂ ಅವರ ಕುದುರಿ ಬೆನ್ನು ಕಟ್ಟಿಗಿ ಆಗಿತ್ತು.

ದಿನಾ ಕಲ್ಯಾಣಕ್ಕ ಹೊರಡೂ ಮುಂಚೆ ಮಗಳನ್ನ ಎಬ್ಬಸ್ತೇನಿ. ಐರೋಲಿ ಆಫೀಸಿಗೆ ಹೋಗೂ ಹುಡುಗಿ, ಕನ್ನಡ ಎಲ್ಲಾ ತಿಳೀತೈತಿ, ಉತ್ತರ ಮಾತ್ರ ಹಿಂದಿಯೊಳಗ. ನಾ, "ಏಳವಾ ಏಳ, ಹೊತ್ತೇರೇತಿ, ಮಂದಿ ಕಾಯಾಕತ್ತಾರ!" ಅಂತೇನಿ. ಅಕಿ ಚಾದರದೊಳಗಿಂದ, "ಕೌನ್ ಮಂದಿ, ಪಪ್ಪಾ?" ಅಂತಾಳ. ಸಣ್ಣಾಕಿ ಇದ್ದಾಗಿಂದ ಇದ ಪ್ರಶ್ನಿ. ಯಾವ ಮಂದಿ ಅಂತ ನನಗೂ ಗೊತ್ತಿಲ್ಲ.

ಇರ್ಲಿ, ಕುದುರಿಗೆ ಬರೋಣ. ಮೈ ಸಡಿಲಾತಂದ್ರ ಕುದುರಿಯ ಕೆಳತುಟಿ ಜೋತ ಬೀಳತೈತಿ ಅಂತ ಕೋರ್ಸಿನ್ಯಾಗ ಹೇಳಿದ್ರು. ಒಂದ ತಾಸು ತಿಕ್ಕಿದೆ. ಬೆವರಿನ್ಯಾಗ ತೊಯ್ದ ತೊಪ್ಪಿ ಆದೆ. ಚಾಚಾ ಬಂದು ನೋಡಿ ಅಂದ್ರು, "ಅಣ್ಣಾ, ಘೋಡೀ ವೈಸೀಚ್ ಹೈ. ಹೋಂಠ್ ತುಮ್ಹಾರಾ ಲಟಕ್ ಗಯಾ." ಕುದುರಿ ಇದ್ದಂಗ ಐತಿ, ಜೋತ ಬಿದ್ದದ್ದು ನನ್ನ ತುಟಿ ಅಂತ!

ಸೋತು ಕುದುರಿ ಕುತ್ತಿಗಿಗೆ ಹಣಿ ಹಚ್ಚಿ ನಿಂತೆ. ಅಪ್ಪ ತಿಕ್ಕುವಾಗ ಗೊಣಗತಿದ್ದ ಮಾತು ನೆನಪಾಗಿ, "ಆತವಾ, ಆತು" ಅಂದೆ. ಕಿವಿ ಹೊರಳಿತು. ಮತ್ತೊಮ್ಮೆ ಅಂದೆ. ತುಟಿ ಜೋತ ಬಿತ್ತು! ನಮ್ಮ ಮನ್ಯಾಗ ಯಾರೂ ಕೇಳದ ಕನ್ನಡಾನ ಕಲ್ಯಾಣದ ಕುದುರಿ ಕೇಳಿತ್ತು. ಖುಷಿಗೆ ಅತ್ತೆ. ಚಾಚಾ ನನಗ ಚಾ ತರಸಿದ್ರು, ಕುದುರಿಗೆ ಬೆಲ್ಲ. ಅವಸರದಾಗ ಬೆಲ್ಲ ನಾ ತಿಂದೆ.

೪. ಆತವಾ, ಆತು

ಮೊನ್ನೆ ನಮ್ಮ ಸೊಸೈಟ್ಯಾಗ ಬಾಗಲಕೋಟೆ ಮಂದಿ ಲಗ್ನ. ಮದುಮಗನಿಗೆ ಅದ ಕುದುರಿ ಗೊತ್ತ ಮಾಡಿಕೊಟ್ಟವ ನಾನ. "ಹೆಂಗ ನಡೀತೈತಿ ನೋಡ್ರಿ, ನನ್ನ ಕೈಗುಣ!" ಅಂತ ಎದಿ ಉಬ್ಬಿಸಿ ಮುಂದ ನಿಂತಿದ್ದೆ.

ಹುಡುಗ್ಯಾರು ಕುಣೀತ ದಾರಿ ಬಿಡವಲ್ರು. ಅಕ್ಷತಿ ಹೊತ್ತು ಮೀರಾಕ ಬಂತು. ಮದುಮಗನ ಅಜ್ಜಿ ಹುಡುಗ್ಯಾರಿಗೆ ಕೂಗಿದ್ಲು, "ಆತವಾ, ಆತು! ಸಾಕ ಮಾಡ್ರಿನ್ನ!"

ಕುದುರಿ ನಿಂತಿತು. ಕಣ್ಣ ಮುಚ್ಚಿತು. ಹಿಂದಿನ ಒಂದ ಕಾಲು ಸಡಿಲ ಬಿಟ್ಟು, ತುಟಿ ಜೋತ ಬಿಟ್ಟು, ನಡು ರಸ್ತ್ಯಾಗ ನಿದ್ದಿಗೆ ಇಳೀತು. ಮ್ಯಾಲಿನ ಮದುಮಗ ಒಂದ ಕಡೆ ವಾಲಿದ.

ಚಾಚಾ "ಚಲ್ ಚಲ್" ಅಂದ್ರು. ಬ್ಯಾಂಡಿನವರು ಜೋರ ಬಾರಿಸಿದ್ರು. ಊಹೂಂ. ಎಲ್ಲಾರೂ ನನ್ನ ಕಡೆ ತಿರುಗಿದ್ರು. ಮುಂಜಾನೆ ಟಾಂಗಾ ಹೂಡುವಾಗ ಅಪ್ಪ ಕುದುರಿಗೆ ಏನೋ ಅಂತಿದ್ದ. ಏನದು? ಗಂಟಲಿಗೆ ಬಂದೈತಿ, ಬಾಯಿಗೆ ಬರವಲ್ದು. ಅಪ್ಪನ ಮಾತು ಕಳಕೊಂಡೆನಲ್ಲಾ!

ಅಷ್ಟರಾಗ ನನ್ನ ಮಗಳು ಸೀರಿ ನಿರಿಗಿ ಎತ್ತಿ ಹಿಡದು ಮುಂದ ಬಂದ್ಲು. ಕುದುರಿ ಬೆನ್ನಿಗೆ ಚಟ್ಟನ ಒಂದ ತಟ್ಟಿ, ನನ್ನಂಗ ಒದರಿದ್ಲು, "ಏಳವಾ ಏಳ, ಹೊತ್ತೇರೇತಿ, ಮಂದಿ ಕಾಯಾಕತ್ತಾರ!"

ಕುದುರಿ ಬೆಚ್ಚಿ ಕಣ್ಣ ತೆಗೀತು, ಟಕ ಟಕ ನಡೀತು. ಬ್ಯಾಂಡ್ ಮುಂದ ಹೋತು, ನಾ ಅಲ್ಲೇ ನಿಂತೆ. ಅದ! ಅದ ನಮ್ಮಪ್ಪನ ಮಾತು! ಕಾಯತಿದ್ದ ಮಂದಿ ಅಂದ್ರ ವಿಜಾಪುರ ಸ್ಟೇಷನ್ ಮುಂದಿನ ಟಾಂಗಾದ ಗಿರಾಕಿಗಳು!

"ಪಪ್ಪಾ, ರೋ ಕ್ಯೂಂ ರಹೇ ಹೋ?"

ಕಣ್ಣ ಒರಸಿಕೊಂಡು ಎಲ್ಲಾ ಹೇಳಿದೆ. ಅಕಿ ನಡಕ್ಕ ಕೈ ಇಟ್ಟಳು. "ಮತ್ಲಬ್, ಬಚಪನ್ ಸೇ ಮುಝೇ ಘೋಡೀ ವಾಲಾ ಡೈಲಾಗ್ ಮಾರ್ ರಹೇ ಹೋ?"

ಮರುದಿನ ಮುಂಜಾನೆ ಅಕಿ ಹಾಸಿಗಿ ಹತ್ರ ಹೋಗಿ ನಿಂತೆ. ಇಷ್ಟು ವರ್ಷ ಕುದುರಿ ಮಾತಿನ್ಯಾಗ ಎಬ್ಬಿಸಿದವ, ಇನ್ನ ಹೆಂಗ ಎಬ್ಬಸ್ಲಿ? ಚಾದರದೊಳಗಿಂದ ಎರಡೂ ಕಾಲು ಹೊರಗ ಬಂದ್ವು. ಆಮ್ಯಾಲೆ ನನಗ ಉತ್ತರ ಬಂತು, ಹುಟ್ಟಿದಾಗಿಂದ ಮೊದಲನೇ ಸಲ ಕನ್ನಡದಾಗ:

"ಮೊದಲ ಮಾಲೀಶ್ ಮಾಡ್ರಿ. ಆಮ್ಯಾಲೆ ಏಳ್ತೇನಿ."