ಸಾಯೋದು ಜೀವಕೋಶ, ಹೆದರೋದು ನಾವು

ಹಲಸೂರಿನಲ್ಲಿ ಚರ್ಮದ ಡಾಕ್ಟರಾಗಿ ಕೂತ ಹೊಸದರಲ್ಲೇ ಗೊತ್ತಾಯ್ತು: ಡಾಕ್ಟರ ಬಾಯಲ್ಲಿ ‘ಸಾವು’ ಬಂದರೆ ಮುಂದಿನ ಮಾತು ಯಾರ ಕಿವಿಗೂ ಬೀಳಲ್ಲ. ಚರ್ಮದ ಜೀವಕೋಶಗಳೋ, ಸರದಿ ಬಂದಾಗ ತಾವಾಗೇ ಸಾಯುವಂಥವು. ಅದನ್ನು ಹೇಳದೆ ಇರೋದು ಹೇಗೆ? ಹಾಗಾಗಿ ಇಂಥವು ನಡೀತಾನೇ ಇದ್ದವು.

ಬೆನ್ನು

ತೊಂಬತ್ತರ ದಶಕದ ಒಂದು ಬೇಸಿಗೆ. ಕೆ.ಆರ್. ಪುರದ ಕಾರ್ಖಾನೆ ನೌಕರರೊಬ್ಬರು ಇಡೀ ದಿನ ಬರಿಮೈಲಿ ತಾರಸಿಗೆ ಸುಣ್ಣ ಬಳಿದು, ಬೆನ್ನಿನ ಸಿಪ್ಪೆ ಏಳಿಸಿಕೊಂಡು ಹೆಂಡತಿ ಜೊತೆ ಬಂದರು.

“ಹೆದರಬೇಡಿ. ಬಿಸಿಲಿಗೆ ಕೆಟ್ಟ ಜೀವಕೋಶ ಉಳಿದರೆ ಮುಂದೆ ಕ್ಯಾನ್ಸರ್ ಆದೀತು. ಅದಕ್ಕೇ ಅವು ಆತ್ಮಹತ್ಯೆ ಮಾಡ್ಕೊಳ್ತವೆ” ಎಂದೆ.

ಹೆಂಡತಿ ಎದ್ದು ನಿಂತರು. “ದೇವರಾಣೆ ಡಾಕ್ಟ್ರೇ, ಮನೇಲಿ ನಾನು ಒಂದು ಮಾತೂ ಅಂದಿಲ್ಲ!”

ರಿಪೋರ್ಟು

ಇನ್ಶೂರೆನ್ಸ್ ಆಫೀಸಿನ ಗುಮಾಸ್ತರೊಬ್ಬರಿಗೆ ಮಣಿಕಟ್ಟಿನ ಮೇಲೆ ಕಡಿತ, ನೇರಳೆ ಮಚ್ಚೆ. ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದ್ದೆ. ರಿಪೋರ್ಟನ್ನು ನನಗಿಂತ ಮೊದಲು ಅವರೇ ಓದಿ ಬಂದಿದ್ದರು. ಮುಖದಲ್ಲಿ ರಕ್ತವೇ ಇಲ್ಲ.

“ಸಾರ್, ‘ಸೆಲ್ ಡೆತ್’ ಅಂತ ಬರ್ದಿದ್ದಾರೆ. ಎಷ್ಟು ದಿನ ಇದೆ ಹೇಳ್ಬಿಡಿ.”

“ಸತ್ತಿರೋದು ನಾಲ್ಕು ಜೀವಕೋಶ ಕಣ್ರೀ, ನೀವಲ್ಲ! ಮುಲಾಮು ಹಚ್ಚಿ, ಕಡಿತ ಹೋಗುತ್ತೆ.”

ಉಸಿರು ಬಿಟ್ಟು, ಕೈ ಮುಗಿದು, ಬಾಗಿಲ ತನಕ ಹೋದವರು ತಲೆ ಹಿಡ್ಕೊಂಡು ಬೆಂಚಿನ ಮೇಲೆ ಕೂತರು. “ಹೇಗೂ ಸಾಯ್ತೀನಲ್ಲ ಅಂತ ಬೆಳಿಗ್ಗೆ ಮ್ಯಾನೇಜರ್ ರೂಮಿಗೆ ಹೋಗಿ, ಹದಿನೆಂಟು ವರ್ಷದಿಂದ ಹೊಟ್ಟೇಲಿ ಇಟ್ಕೊಂಡಿದ್ದೆಲ್ಲ ಹೇಳ್ಬಂದೆ ಸಾರ್. ಈಗ ನಾಳೆ ಡ್ಯೂಟಿಗೆ ಹೋಗ್ಬೇಕಲ್ಲ!”

ಚೀಟಿ

ಶಿವಾಜಿನಗರದ ಒಬ್ಬ ಹೆಂಗಸು, ಮನೇಲೇ ಬಟ್ಟೆ ಹೊಲಿಯೋರು. ಎರಡೂ ಕೈ ಮೇಲೆ ಬೆಳ್ಳಿ ಹೊಟ್ಟಿನಂಥ ಪದರ. ಅವರ ಕೈಯಿಂದ ನೆಂಟರು ಚಹಾ ಕುಡಿಯೋದು ಬಿಟ್ಟಿದ್ದರು. ಮಗಳ ನಿಶ್ಚಿತಾರ್ಥ ಹತ್ತಿರ ಬಂದಿತ್ತು.

“ಕುಷ್ಠ ಅಲ್ವಾ ಡಾಕ್ಟರ್ ಸಾಬ್?” ಎಂದರು, ಮೆಲ್ಲಗೆ.

“ಅಲ್ಲಮ್ಮ, ಸೋರಿಯಾಸಿಸ್. ಚರ್ಮದ ಕೋಶ ಹುಟ್ಟಿ, ಮೇಲೆ ಬಂದು, ಸತ್ತು ಉದುರೋಕೆ ತಿಂಗಳಾದ್ರೂ ಬೇಕು. ನಿಮ್ಮದಕ್ಕೆ ಅವಸರ, ವಾರದೊಳಗೇ ಬಂದು ರಾಶಿ ಬೀಳ್ತಿದೆ. ಯಾರಿಗೂ ಅಂಟಲ್ಲ.”

ಸೆರಗಿನಲ್ಲಿ ಮುಖ ಮುಚ್ಚಿ ಅತ್ತರು, ಅಳ್ತಾನೇ ನಕ್ಕರು. “ಬೀಗರು ನಂಬಲ್ಲ, ಬರ್ದುಕೊಡಿ” ಎಂದರು. ‘ಇದು ಅಂಟುರೋಗವಲ್ಲ’ ಅಂತ ಬರೆದು ಸೀಲು ಒತ್ತಿಕೊಟ್ಟೆ.

ಎರಡು ತಿಂಗಳ ಮೇಲೆ ಬಂದರು. ಕೈ ಬಹಳಷ್ಟು ತಿಳಿಯಾಗಿತ್ತು. ನಿಶ್ಚಿತಾರ್ಥ ಚೆನ್ನಾಗಾಯ್ತಂತೆ. ಆದರೂ ಮುಖ ಸಪ್ಪಗಿತ್ತು.

“ಏನಮ್ಮ?”

“ಈಗ ಭಾನುವಾರ ಬಂತಂದ್ರೆ ಬೀಗರ ಕಡೆಯಿಂದ ಹನ್ನೊಂದು ಜನ ಊಟಕ್ಕೆ ಬರ್ತಾರೆ ಸಾಬ್. ಇನ್ನೊಂದು ಬರ್ದುಕೊಡಿ… ಭಾನುವಾರ ಮಾತ್ರ ಸ್ವಲ್ಪ ಅಂಟುತ್ತೆ ಅಂತ!”